ಅರಿವಳಿಕೆಯಲ್ಲಿರುವ ಪ್ರಾಣಿಯ ಮಿದುಳು ಮತ್ತು ಗ್ಲೂಕೋಸ್: ಪೆಟ್ ಪ್ರಯೋಗವನ್ನು ರೂಪಿಸುವ ಹಾಗೂ ಓದುವ ಕ್ರಮ

ಎಫ್‌ಡಿಜಿ, ಅಂದರೆ ವಿಕಿರಣ ಸೂಸುವ ಫ್ಲೋರಿನ್ ಸೇರಿಸಿದ, ಗ್ಲೂಕೋಸನ್ನು ಹೋಲುವ ವಸ್ತು, ದೇಹಕ್ಕೆ ಸೇರಿದ ಮೊದಲ ಮುಕ್ಕಾಲು ಗಂಟೆ ಆ ಪ್ರಾಣಿ ಯಾವ ಸ್ಥಿತಿಯಲ್ಲಿತ್ತು? ಇಲಿಯ ಮಿದುಳಿನ ಪೆಟ್ ಚಿತ್ರವೊಂದನ್ನು (ದೇಹದೊಳಗಿನ ಆ ವಿಕಿರಣವನ್ನು ಹೊರಗಿನಿಂದ ಗ್ರಹಿಸಿ ಯಂತ್ರ ರೂಪಿಸುವ ಚಿತ್ರವನ್ನು) ಮುಂದಿಟ್ಟುಕೊಂಡ ಯಾರೇ ಆಗಲಿ, ಯಾವ ಭಾಗ ಬೆಳಗಿದೆ, ಯಾವುದು ಮಂಕಾಗಿದೆ ಎಂದು ನೋಡುವ ಮುನ್ನ ಈ ಪ್ರಶ್ನೆಗೆ ಉತ್ತರ ಹುಡುಕಬೇಕು. ಅರಿವಳಿಕೆ ಕೊಟ್ಟಿದ್ದರೋ ಇಲ್ಲವೋ, ಯಾವ ಔಷಧ ಕೊಟ್ಟರು ಎಂಬ ವಿವರಗಳನ್ನು ಹೆಚ್ಚಿನ ಪ್ರಬಂಧಗಳು ತಿಳಿಸುತ್ತವೆ. ಆದರೆ ಆ ಔಷಧ ಮತ್ತು ಎಫ್‌ಡಿಜಿ ದೇಹದೊಳಗೆ ಯಾವ ಹೊತ್ತಿನಲ್ಲಿ ಒಂದನ್ನೊಂದು ಸಂಧಿಸಿದವು ಎಂಬುದನ್ನು ಓದುಗರೇ ವಿಧಾನದ ಭಾಗದಿಂದ ಹೆಕ್ಕಿ ತೆಗೆಯಬೇಕಾಗುತ್ತದೆ. ಫಲಿತಾಂಶದ ಅರ್ಥ ಬಹುಮಟ್ಟಿಗೆ ಆ ಹೊತ್ತನ್ನೇ ಅವಲಂಬಿಸಿರುತ್ತದೆ.

ಮಡಿಕೇರಿಯ ವೈದ್ಯಕೀಯ ಕಾಲೇಜಿನಲ್ಲಿ, ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲಿ ಓದುತ್ತಿರುವವರನ್ನೂ, ಜಿಲ್ಲೆಯ ಪಶುವೈದ್ಯರನ್ನೂ, ಮುಂದೆ ಬೆಂಗಳೂರಿನಂಥ ಊರಿಗೆ ಹೋಗಿ ಇಂಥ ಪ್ರಯೋಗಗಳಲ್ಲಿ ತೊಡಗಬಯಸುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ. ಎಫ್‌ಡಿಜಿಗೆ ಬೇಕಾದ ವಿಕಿರಣ ಫ್ಲೋರಿನನ್ನು ತಯಾರಿಸುವ ಸೈಕ್ಲೋಟ್ರಾನ್ ಯಂತ್ರ ಕೊಡಗಿನಲ್ಲಿ ಇಲ್ಲ. ಎಫ್‌ಡಿಜಿಗೆ ವಿಕಿರಣ ಗುಣ ಕೊಡುವ ಫ್ಲೋರಿನ್-18ರ ಅರ್ಧಾಯುಷ್ಯ, ಅಂದರೆ ಅದರ ವಿಕಿರಣ ಅರ್ಧಕ್ಕಿಳಿಯುವ ಅವಧಿ, ಸುಮಾರು 110 ನಿಮಿಷ. ಬೆಂಗಳೂರಿನಿಂದ ಮಡಿಕೇರಿಗೆ ರಸ್ತೆಯಲ್ಲಿ ಐದೂವರೆ ಗಂಟೆ ಹಿಡಿಯಿತೆಂದುಕೊಂಡರೆ ಮೂರು ಅರ್ಧಾಯುಷ್ಯಗಳು ದಾರಿಯಲ್ಲೇ ಕಳೆದು, ಹೊರಟಾಗ ಇದ್ದ ವಿಕಿರಣದ ಎಂಟನೇ ಒಂದು ಪಾಲು ಮಾತ್ರ ಇಲ್ಲಿಗೆ ತಲುಪುತ್ತದೆ. ಮೈಸೂರಿನಿಂದ ಮೂರು ಗಂಟೆಯಲ್ಲಿ ತಂದರೂ ಉಳಿಯುವುದು ಮೂರನೇ ಒಂದು ಪಾಲು. ಹಾಗಾಗಿ ನಮ್ಮಲ್ಲಿ ಹೆಚ್ಚಿನವರ ಕೆಲಸ ಸದ್ಯಕ್ಕೆ ಪ್ರಬಂಧಗಳನ್ನು ಓದುವುದು, ಬೇರೆಡೆ ತೆಗೆದ ಚಿತ್ರಗಳನ್ನು ವಿಶ್ಲೇಷಿಸುವುದು ಮತ್ತು ಮುಂದೆ ಮಾಡಲಿರುವ ಪ್ರಯೋಗವನ್ನು ಕಾಗದದ ಮೇಲೆ ರೂಪಿಸುವುದು. ಕಾಗದದ ಮೇಲೆ ತೆಗೆದುಕೊಳ್ಳುವ ನಿರ್ಧಾರಗಳೇ ಇಲ್ಲಿ ನಿರ್ಣಾಯಕವಾದುದರಿಂದ ಯಂತ್ರ ಹತ್ತಿರದಲ್ಲಿಲ್ಲ ಎಂಬುದು ಕಲಿಕೆಗೆ ದೊಡ್ಡ ಅಡ್ಡಿಯಲ್ಲ.

ಚಿತ್ರ ಏನನ್ನು ಅಳೆಯುತ್ತದೆ

ಮನುಷ್ಯನ ಮಿದುಳು ದೇಹದ ತೂಕದ ಸುಮಾರು ಶೇ 2ರಷ್ಟಿದ್ದರೂ ವಿಶ್ರಾಂತಿಯಲ್ಲಿರುವ ದೇಹ ಬಳಸುವ ಶಕ್ತಿಯ ಸುಮಾರು ಶೇ 20ರಷ್ಟನ್ನು ಅದೊಂದೇ ಬಳಸುತ್ತದೆ, ಮತ್ತು ಆ ಶಕ್ತಿಯ ಮುಖ್ಯ ಮೂಲ ಗ್ಲೂಕೋಸ್. ರಕ್ತದಲ್ಲಿರುವ ಗ್ಲೂಕೋಸ್ ರಕ್ತ-ಮಿದುಳಿನ ತಡೆಗೋಡೆಯನ್ನು ಗ್ಲೂಟ್-1 ಎಂಬ ಸಾಗಣೆ ಪ್ರೋಟೀನಿನ ಮೂಲಕ ದಾಟಿ, ನರಕೋಶಗಳನ್ನು ಮುಖ್ಯವಾಗಿ ಗ್ಲೂಟ್-3ರ ಮೂಲಕ ಪ್ರವೇಶಿಸುತ್ತದೆ. ಒಳಗೆ ಹೆಕ್ಸೊಕೈನೇಸ್ ಎಂಬ ಕಿಣ್ವ ಅದಕ್ಕೆ ಫಾಸ್ಫೇಟನ್ನು ಜೋಡಿಸುತ್ತದೆ. ಎಫ್‌ಡಿಜಿಯೂ ಇದೇ ದಾರಿಯಲ್ಲಿ ಬಂದು ಇದೇ ಕಿಣ್ವದಿಂದ ಫಾಸ್ಫೇಟ್ ಪಡೆಯುತ್ತದೆಯಾದರೂ, ಅದರ ಅಣುವಿನಲ್ಲಿ ಎರಡನೇ ಇಂಗಾಲದ ಮೇಲೆ ಇರಬೇಕಾದ ಹೈಡ್ರಾಕ್ಸಿಲ್ ಇಲ್ಲದಿರುವುದರಿಂದ ಮುಂದಿನ ಹಂತಕ್ಕೆ ಸಾಗಲಾರದೆ ಕೋಶದೊಳಗೇ ಸಿಕ್ಕಿಕೊಳ್ಳುತ್ತದೆ. ಈ ಸಿಕ್ಕಿಕೊಳ್ಳುವಿಕೆಯ ಮೇಲೆಯೇ ಇಡೀ ವಿಧಾನ ನಿಂತಿದೆ.

ಲೂಯಿಸ್ ಸೊಕೊಲಾಫ್ ಮತ್ತು ಸಂಗಡಿಗರು 1977ರಲ್ಲಿ ಇಂಗಾಲ-14 ಸೇರಿಸಿದ ಡಿಆಕ್ಸಿಗ್ಲೂಕೋಸ್ ಬಳಸಿ ಮಿದುಳಿನ ಪ್ರತಿಯೊಂದು ಭಾಗದ ಗ್ಲೂಕೋಸ್ ಬಳಕೆಯನ್ನು ಅಳೆಯುವ ಕ್ರಮವನ್ನು ಪ್ರಕಟಿಸಿದಾಗ, ಎಚ್ಚರವಾಗಿದ್ದ ಇಲಿಗಳ ಅಳತೆಗಳನ್ನೂ ಅರಿವಳಿಕೆಯಲ್ಲಿದ್ದ ಇಲಿಗಳ ಅಳತೆಗಳನ್ನೂ ಒಂದೇ ಪ್ರಬಂಧದಲ್ಲಿ ಜೊತೆಯಾಗಿ ಕೊಟ್ಟರು. ಅರಿವಳಿಕೆ ಈ ಅಳತೆಯನ್ನು ಬದಲಿಸುತ್ತದೆ ಎಂಬ ತಿಳಿವಳಿಕೆ ವಿಧಾನದಷ್ಟೇ ಹಳೆಯದು ಎಂಬುದನ್ನು ನಾವು ನೆನಪಿಡಬೇಕು. ಅದಕ್ಕೂ ಒಂದು ವರ್ಷ ಮೊದಲು, 1976ರಲ್ಲಿ, ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ತಯಾರಾದ ಎಫ್‌ಡಿಜಿಯನ್ನು ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ಮೊದಲ ಬಾರಿಗೆ ಮನುಷ್ಯರಿಗೆ ಕೊಟ್ಟಾಗಿತ್ತು.

ಕೊಡಗಿನ ಕಾಫಿ ತೋಟಗಳಲ್ಲಿ ಹಣ್ಣು ಕುಯ್ದವರ ಚೀಲಗಳನ್ನು ಸಂಜೆ ತೂಗುತ್ತಾರೆ. ತಕ್ಕಡಿಯ ಅಂಕಿ ಹೇಳುವುದು ಹಗಲಿನಲ್ಲಿ ನಡೆದ ಕುಯ್ಲನ್ನು. ತೂಗುವ ಹೊತ್ತಿಗೆ ಕುಯ್ದವರು ಕುಳಿತು ದಣಿವಾರಿಸಿಕೊಳ್ಳುತ್ತಿದ್ದರೂ ಆ ಅಂಕಿ ಬದಲಾಗುವುದಿಲ್ಲ. ಎಫ್‌ಡಿಜಿ ಚಿತ್ರವೂ ಇಂಥದೇ ತೂಕ. ಚುಚ್ಚುಮದ್ದಿನ ನಂತರದ ಮೊದಲ 30ರಿಂದ 45 ನಿಮಿಷಗಳಲ್ಲಿ, ಅಂದರೆ ರಕ್ತದಲ್ಲಿ ಎಫ್‌ಡಿಜಿ ಹೇರಳವಾಗಿರುವಾಗ, ಮಿದುಳಿನ ಯಾವ ಭಾಗ ಎಷ್ಟು ದುಡಿಯಿತೋ ಅದರ ಲೆಕ್ಕ ಕೋಶಗಳಲ್ಲಿ ಸಂಗ್ರಹವಾಗಿರುತ್ತದೆ. ಸ್ಕ್ಯಾನರಿನ ಒಳಗೆ ಪ್ರಾಣಿ ಮಲಗಿರುವ ಹೊತ್ತಿನ ಸ್ಥಿತಿಗೆ ಆ ಲೆಕ್ಕದಲ್ಲಿ ಸಣ್ಣ ಪಾಲು ಮಾತ್ರ ಇರುತ್ತದೆ.

ಮೊದಲ ನಿರ್ಧಾರ: ಅರಿವಳಿಕೆ ಯಾವಾಗ

ಪ್ರಯೋಗವನ್ನು ರೂಪಿಸುವಾಗ ಔಷಧದ ಆಯ್ಕೆಗೆ ಮೊದಲೇ ಹೊತ್ತಿನ ಆಯ್ಕೆ ಮಾಡಬೇಕು. ಎಚ್ಚರದ ಮಿದುಳಿನ ಚಟುವಟಿಕೆಯನ್ನು ತಿಳಿಯುವುದು ನಿಮ್ಮ ಉದ್ದೇಶವಾಗಿದ್ದರೆ, ಪ್ರಾಣಿ ಎಚ್ಚರವಾಗಿರುವಾಗಲೇ ಎಫ್‌ಡಿಜಿ ಕೊಟ್ಟು, ಅದನ್ನು ತನ್ನದೇ ಗೂಡಿನಲ್ಲಿ 40 ನಿಮಿಷ ನಿರಾತಂಕವಾಗಿ ಬಿಟ್ಟು, ಆಮೇಲೆ ಅರಿವಳಿಕೆ ಕೊಟ್ಟು 15ರಿಂದ 20 ನಿಮಿಷದ ಸ್ಥಿರ ಚಿತ್ರ ತೆಗೆಯುವ ಕ್ರಮವನ್ನು ಅನುಸರಿಸಿ. ನನ್ನ ತಿಳಿವಳಿಕೆಯಲ್ಲಿ ಹೆಚ್ಚಿನ ಪ್ರಶ್ನೆಗಳಿಗೆ ಇದೇ ಸರಿಯಾದ ಕ್ರಮ, ಮತ್ತು ಬೇರೆ ಕ್ರಮವನ್ನು ಆರಿಸುವವರು ಅದಕ್ಕೆ ಕಾರಣ ಕೊಡಬೇಕು. ಅರಿವಳಿಕೆಯನ್ನು ತುಸು ತಡವಾಗಿ ಕೊಟ್ಟರೆ ನಷ್ಟವಾಗುವುದು ಸ್ವಲ್ಪ ವಿಕಿರಣ. ಮೊದಲೇ ಕೊಟ್ಟರೆ ನಷ್ಟವಾಗುವುದು ಪ್ರಶ್ನೆಯೇ.

ಈ ಕ್ರಮಕ್ಕೂ ಅದರದೇ ಆದ ತೊಡಕುಗಳಿವೆ. ಎಚ್ಚರವಾಗಿರುವ ಚಿಟ್ಟಿಲಿಯ ಬಾಲದ ಸಿರೆಗೆ ಸೂಜಿ ಚುಚ್ಚುವುದು ಕಷ್ಟ, ಮತ್ತು ಹಿಡಿದು ಬಂಧಿಸಿದ ಪ್ರಾಣಿಯ ಭಯ ಅಡ್ರಿನಲಿನ್ ಮೂಲಕ ರಕ್ತದ ಗ್ಲೂಕೋಸನ್ನು ಏರಿಸುತ್ತದೆ. ಚುಚ್ಚುವುದು ಸುಲಭವಾಗಲೆಂದು ಎರಡು ನಿಮಿಷ ಐಸೊಫ್ಲುರೇನ್ ಎಂಬ ಅರಿವಳಿಕೆ ಅನಿಲವನ್ನು ಉಸಿರಿನ ಮೂಲಕ ಕೊಟ್ಟು ಕೂಡಲೇ ಎಬ್ಬಿಸುವ ರೂಢಿ ಹಲವೆಡೆ ಇದೆ. ಅದು ಪ್ರಾಣಿಗೆ ಕಡಿಮೆ ಹಿಂಸೆಯ ದಾರಿಯೇನೋ ಹೌದು. ಆದರೆ ಚುಚ್ಚಿದ ಮೊದಲ ನಿಮಿಷಗಳಲ್ಲೇ ರಕ್ತದಲ್ಲಿ ಎಫ್‌ಡಿಜಿ ಅತ್ಯಂತ ಹೆಚ್ಚಾಗಿರುವುದರಿಂದ ಆ ಅಲ್ಪ ಅರಿವಳಿಕೆಯ ಗುರುತು ಚಿತ್ರದಲ್ಲಿ ಉಳಿಯುತ್ತದೆ. ಸಾಧ್ಯವಾದರೆ ಹಿಂದಿನ ದಿನವೇ ಅರಿವಳಿಕೆಯಲ್ಲಿ ಕ್ಯಾತಿಟರ್ (ಸಿರೆಯೊಳಗಿನ ಸಪೂರ ಕೊಳವೆ) ಕೂರಿಸಿ, ಪ್ರಯೋಗದ ದಿನ ಪ್ರಾಣಿಯನ್ನು ಮುಟ್ಟದೆಯೇ ಅದರ ಮೂಲಕ ಎಫ್‌ಡಿಜಿ ಕೊಡಿ. ಸಾಧ್ಯವಾಗದಿದ್ದರೆ ಹೊಟ್ಟೆಯೊಳಗೆ ಕೊಡುವ ಚುಚ್ಚುಮದ್ದನ್ನು ಆರಿಸಿ, ಹೀರಿಕೆ ನಿಧಾನವಾಗುವುದರಿಂದ ಕಾಯುವ ಹೊತ್ತನ್ನು ಒಂದು ಗಂಟೆಯವರೆಗೆ ಹಿಗ್ಗಿಸಿ. ಎರಡೂ ಸಂದರ್ಭಗಳಲ್ಲಿ ಪ್ರಾಣಿಯನ್ನು ಹಲವು ದಿನ ಮೊದಲಿನಿಂದ ಅದೇ ಕೈಗಳಿಗೆ, ಅದೇ ಕೋಣೆಗೆ, ಅದೇ ಹೊತ್ತಿಗೆ ಒಗ್ಗಿಸಬೇಕು. ಇಲಿಗಳು ನಿಶಾಚರಿಗಳಾದುದರಿಂದ ಬೆಳಗ್ಗೆ ತೆಗೆದ ಗುಂಪನ್ನು ಸಂಜೆ ತೆಗೆದ ಗುಂಪಿನೊಡನೆ ಹೋಲಿಸುವುದು ತಪ್ಪು ಫಲಿತಾಂಶಕ್ಕೆ ದಾರಿಯಾಗುತ್ತದೆ.

ಕೆಲವು ಪ್ರಶ್ನೆಗಳಿಗೆ ಚುಚ್ಚಿದ ಕ್ಷಣದಿಂದಲೇ ಚಿತ್ರ ತೆಗೆಯುತ್ತ ಹೋಗಬೇಕಾಗುತ್ತದೆ. ಎಫ್‌ಡಿಜಿ ಮಿದುಳಿನ ಒಳಹೋಗುವ, ಹೊರಬರುವ ಮತ್ತು ಸಿಕ್ಕಿಕೊಳ್ಳುವ ದರಗಳನ್ನು ಬೇರೆಬೇರೆಯಾಗಿ ಲೆಕ್ಕಹಾಕಿ, ನೂರು ಗ್ರಾಂ ಮಿದುಳು ನಿಮಿಷಕ್ಕೆ ಇಷ್ಟು ಮೈಕ್ರೋಮೋಲ್ ಗ್ಲೂಕೋಸ್ ಬಳಸಿತು ಎಂಬ ನಿಜವಾದ ದರವನ್ನು ಪಡೆಯಲು ಇದು ಅಗತ್ಯ. ಆಗ ಪ್ರಾಣಿ ಆದಿಯಿಂದ ಅಂತ್ಯದವರೆಗೆ ಅರಿವಳಿಕೆಯಲ್ಲೇ ಇರುತ್ತದೆ. ಈ ದಾರಿ ಹಿಡಿದವರು ತಾವು ಅಳೆಯುತ್ತಿರುವುದು ಅರಿವಳಿಕೆಯಲ್ಲಿರುವ ಮಿದುಳನ್ನು ಎಂದು ಶೀರ್ಷಿಕೆಯಲ್ಲಲ್ಲದಿದ್ದರೂ ಸಾರಾಂಶದಲ್ಲಾದರೂ ಬರೆಯಬೇಕು. ಮತ್ತೊಂದು ತೊಂದರೆಯೂ ಇದೆ: 25 ಗ್ರಾಂ ತೂಗುವ ಚಿಟ್ಟಿಲಿಯ ಮೈಯಲ್ಲಿರುವ ರಕ್ತವೇ ಸುಮಾರು 2 ಮಿಲಿಲೀಟರ್. ಅಪಧಮನಿಯಿಂದ ಮತ್ತೆ ಮತ್ತೆ ರಕ್ತ ತೆಗೆದರೆ ಪ್ರಾಣಿಯ ರಕ್ತದೊತ್ತಡ ಕುಸಿದು ಅಳತೆಯೇ ಕೆಡುತ್ತದೆ. ಆದ್ದರಿಂದ ಹೃದಯದ ಎಡ ಕುಹರದ ಚಿತ್ರದಿಂದಲೇ ರಕ್ತದ ಎಫ್‌ಡಿಜಿ ಪ್ರಮಾಣವನ್ನು ಅಂದಾಜಿಸುವ ಕ್ರಮ ಬಳಕೆಗೆ ಬಂದಿದೆ.

ಪೂರ್ತಿ ಎಚ್ಚರದಲ್ಲೇ ಚಿತ್ರ ತೆಗೆಯುವ ಪ್ರಯತ್ನಗಳೂ ಫಲಿಸಿವೆ. ಬ್ರೂಕ್‌ಹೇವನ್ನಿನಲ್ಲಿ ರೂಪಿಸಿದ ರ‍್ಯಾಟ್‌ಕ್ಯಾಪ್ ಎಂಬ ಪುಟ್ಟ ಪೆಟ್ ಯಂತ್ರವನ್ನು ಇಲಿಯ ತಲೆಯ ಸುತ್ತ ತೊಡಿಸಿ, ಅದರ ಭಾರವನ್ನು ಮೇಲಿನಿಂದ ತೂಗಿಸಿ, ಇಲಿ ಓಡಾಡುತ್ತಿರುವಾಗಲೇ ಚಿತ್ರ ತೆಗೆಯಬಹುದೆಂದು 2011ರಲ್ಲಿ ಪ್ರಕಟವಾಯಿತು. ಸಾಮಾನ್ಯ ಪ್ರಯೋಗಾಲಯದ ಕೈಗೆ ಇದು ಸುಲಭವಾಗಿ ಎಟುಕುವ ಸಾಧನವಲ್ಲ.

ಕ್ಸೈಲಜಿನ್, ಕೆಟಮಿನ್, ಐಸೊಫ್ಲುರೇನ್

ಕೊಡಗಿನವರಿಗೆ ಕ್ಸೈಲಜಿನ್ ಹೊಸ ಹೆಸರಲ್ಲ. ತೋಟಕ್ಕಿಳಿದ ಪುಂಡಾನೆಯನ್ನು ಹಿಡಿಯುವಾಗ ದುಬಾರೆ, ಮತ್ತಿಗೋಡು ಶಿಬಿರಗಳ ಸಾಕಾನೆಗಳ ನೆರವಿನಿಂದ ಹತ್ತಿರ ಹೋಗಿ ಹಾರಿಸುವ ಅರಿವಳಿಕೆ ಚುಚ್ಚುಮದ್ದಿನ ಮುಖ್ಯ ಔಷಧಗಳಲ್ಲಿ ಅದೂ ಒಂದು. ದನಗಳಿಗೆ ಇದನ್ನು ಕೊಟ್ಟ ಪಶುವೈದ್ಯರು ಮತ್ತೊಂದನ್ನೂ ಗಮನಿಸಿರುತ್ತಾರೆ: ಔಷಧ ಹತ್ತಿದ ಮೇಲೆ ಹಸು ಹೇರಳವಾಗಿ ಉಚ್ಚೆ ಹೊಯ್ಯುತ್ತದೆ. ಆಲ್ಫಾ-2 ಗ್ರಾಹಕಗಳನ್ನು ಪ್ರಚೋದಿಸುವ ಈ ಔಷಧ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳಿಂದ ಇನ್ಸುಲಿನ್ ಬಿಡುಗಡೆಯಾಗುವುದನ್ನು ತಡೆಯುತ್ತದೆ, ರಕ್ತದ ಗ್ಲೂಕೋಸ್ ಏರುತ್ತದೆ, ಮೂತ್ರದ ಪ್ರಮಾಣವೂ ಹೆಚ್ಚುತ್ತದೆ. ಕೊಟ್ಟಿಗೆಯಲ್ಲಿ ಕಾಣುವ ಈ ಸಂಗತಿಯೇ ಪೆಟ್ ಪ್ರಯೋಗದಲ್ಲಿ ಅತ್ಯಂತ ಗಂಭೀರ ಗೊಂದಲಕ್ಕೆ ಕಾರಣವಾಗುತ್ತದೆ. ಪ್ರಯೋಗಾಲಯಗಳಲ್ಲಿ ಚಿಟ್ಟಿಲಿಗಳಿಗೆ ಬಹುಕಾಲದಿಂದ ಕೊಡುತ್ತಿರುವುದು ಕೆಟಮಿನ್ ಮತ್ತು ಕ್ಸೈಲಜಿನ್‌ಗಳ ಮಿಶ್ರಣ. ಹೊಟ್ಟೆ ತುಂಬಿದ ಪ್ರಾಣಿಯಲ್ಲಿ ಅದರಿಂದ ರಕ್ತದ ಗ್ಲೂಕೋಸ್ ಎರಡು ಪಟ್ಟಾಗುವುದು ಅಪರೂಪವಲ್ಲ. ಗ್ಲೂಕೋಸ್ ಮತ್ತು ಎಫ್‌ಡಿಜಿ ಒಂದೇ ಸಾಗಣೆ ಪ್ರೋಟೀನಿಗಾಗಿ, ಒಂದೇ ಕಿಣ್ವಕ್ಕಾಗಿ ಸ್ಪರ್ಧಿಸುವುದರಿಂದ, ರಕ್ತದಲ್ಲಿ ಗ್ಲೂಕೋಸ್ ಹೆಚ್ಚಿದಷ್ಟೂ ಮಿದುಳಿಗೆ ಸೇರುವ ಎಫ್‌ಡಿಜಿ ಕಡಿಮೆಯಾಗುತ್ತದೆ. ಮಿದುಳು ನಿಜವಾಗಿ ಬಳಸಿದ ಗ್ಲೂಕೋಸ್ ಎಳ್ಳಷ್ಟೂ ಕಡಿಮೆಯಾಗಿರದಿದ್ದರೂ ಚಿತ್ರ ಮಂಕಾಗಿ ಕಾಣುತ್ತದೆ. ಮೆಡೆಟೊಮಿಡಿನ್, ಡೆಕ್ಸ್‌ಮೆಡೆಟೊಮಿಡಿನ್‌ಗಳೂ ಇದೇ ಗುಂಪಿಗೆ ಸೇರಿದವು, ಅವಕ್ಕೂ ಇದೇ ಎಚ್ಚರಿಕೆ ಸಲ್ಲುತ್ತದೆ.

ಕೆಟಮಿನ್‌ನ ಕಥೆ ಬೇರೆ. ನರಕೋಶಗಳನ್ನು ಪ್ರಚೋದಿಸುವ ಸಂಕೇತ ಪಡೆಯುವ ಎನ್‌ಎಂಡಿಎ ಗ್ರಾಹಕವನ್ನು ತಡೆಯುವ ಈ ಔಷಧ ಇಡೀ ಮಿದುಳನ್ನು ಒಂದೇ ಸಮನೆ ತಗ್ಗಿಸುವುದಿಲ್ಲ: ಹಿಪ್ಪೊಕ್ಯಾಂಪಸ್ ಮತ್ತು ಅದರ ಸುತ್ತಲಿನ ಲಿಂಬಿಕ್ ಭಾಗಗಳಲ್ಲಿ ಗ್ಲೂಕೋಸ್ ಬಳಕೆ ಏರುತ್ತದೆ, ಶ್ರವಣಕ್ಕೆ ಸಂಬಂಧಿಸಿದ ಭಾಗಗಳಲ್ಲಿ ಇಳಿಯುತ್ತದೆ. ಎಚ್ಚರದ ಇಲಿಯಲ್ಲಿ ಇಡೀ ಮಿದುಳಿನಲ್ಲೇ ಅತಿ ಹೆಚ್ಚು ಗ್ಲೂಕೋಸ್ ಬಳಸುವ ಭಾಗಗಳಲ್ಲಿ ಇನ್ಫೀರಿಯರ್ ಕೊಲಿಕ್ಯುಲಸ್ ಎಂಬ ಶ್ರವಣ ಕೇಂದ್ರವೂ ಒಂದಾದುದರಿಂದ ಅಲ್ಲಿನ ಇಳಿತ ಕಣ್ಣಿಗೆ ಹೊಡೆದು ಕಾಣುತ್ತದೆ. ನೆನಪಿನ ಶಕ್ತಿಯ ಕುರಿತ ಅಧ್ಯಯನಕ್ಕಾಗಿ ಹಿಪ್ಪೊಕ್ಯಾಂಪಸ್ಸನ್ನೇ ನೋಡಹೊರಟವರು ಕೆಟಮಿನ್ ಕೊಟ್ಟರೆ ತಾವು ಅಳೆಯಬೇಕಾದ ಜಾಗವನ್ನು ತಾವೇ ಕಲಕಿದಂತಾಗುತ್ತದೆ.

ಐಸೊಫ್ಲುರೇನ್ ಇಂದು ಹೆಚ್ಚು ಬಳಕೆಯಲ್ಲಿದೆ, ಅದಕ್ಕೆ ಕಾರಣಗಳೂ ಇವೆ: ಬೇಗ ಹತ್ತುತ್ತದೆ, ಬೇಗ ಇಳಿಯುತ್ತದೆ, ಆಳವನ್ನು ನಿಮಿಷ ನಿಮಿಷಕ್ಕೂ ಹೊಂದಿಸಬಹುದು. ಗಾಬಾ-ಎ ಗ್ರಾಹಕಗಳ ಪ್ರತಿಬಂಧಕ ಕ್ರಿಯೆಯನ್ನು ಹೆಚ್ಚಿಸುವುದು ಅದರ ಪ್ರಮುಖ ಕ್ರಿಯೆಗಳಲ್ಲೊಂದು, ಪರಿಣಾಮವಾಗಿ ಗ್ಲೂಕೋಸ್ ಬಳಕೆ ಇಡೀ ಮಿದುಳಿನಲ್ಲಿ ಇಳಿಯುತ್ತದೆ. ಅರಿವು ತಪ್ಪುವ ಮಟ್ಟಕ್ಕೆ ಐಸೊಫ್ಲುರೇನ್ ಅಥವಾ ಪ್ರೊಪೊಫಾಲ್ ಪಡೆದ ಸ್ವಯಂಸೇವಕರಲ್ಲಿ 1990ರ ದಶಕದಲ್ಲಿ ನಡೆಸಿದ ಪೆಟ್ ಅಧ್ಯಯನಗಳು ಒಟ್ಟು ಬಳಕೆ ಸುಮಾರು ಅರ್ಧದಷ್ಟು ಇಳಿಯುವುದನ್ನು ತೋರಿಸಿದವು. ಇದರೊಂದಿಗೆ ಐಸೊಫ್ಲುರೇನ್ ಮಿದುಳಿನ ರಕ್ತನಾಳಗಳನ್ನು ನೇರವಾಗಿ ಹಿಗ್ಗಿಸುತ್ತದೆ. ಎಚ್ಚರದಲ್ಲಿ ಮಿದುಳಿನ ಒಂದು ಭಾಗದ ದುಡಿತ ಹೆಚ್ಚಿದರೆ ರಕ್ತದ ಹರಿವೂ ಹೆಚ್ಚುತ್ತದೆ, ಇಳಿದರೆ ಇಳಿಯುತ್ತದೆ. ಹೆಚ್ಚಿನ ಪ್ರಮಾಣದ ಐಸೊಫ್ಲುರೇನಿನಲ್ಲಿ ಈ ನಂಟು ಸಡಿಲವಾಗಿ, ಬಳಕೆ ಇಳಿದಿದ್ದರೂ ಹರಿವು ಏರಿರಬಹುದು. ಹಾಗಾಗಿ ರಕ್ತದ ಹರಿವನ್ನು ಅಳೆಯುವ ಎಂಆರ್‌ಐ ಫಲಿತಾಂಶವನ್ನೂ ಎಫ್‌ಡಿಜಿ ಫಲಿತಾಂಶವನ್ನೂ ಒಂದೇ ಸಂಗತಿಯ ಎರಡು ಸಾಕ್ಷಿಗಳೆಂದು ಇಂಥ ಪ್ರಯೋಗದಲ್ಲಿ ಭಾವಿಸಬಾರದು. ಈ ಅನಿಲವೂ ಇನ್ಸುಲಿನ್ ಬಿಡುಗಡೆಯನ್ನು ಒಂದಿಷ್ಟು ತಗ್ಗಿಸುತ್ತದೆ, ಆದರೆ ಕ್ಸೈಲಜಿನ್‌ನಷ್ಟು ತೀವ್ರವಾಗಿ ಅಲ್ಲ. ಚಿಟ್ಟಿಲಿಯಲ್ಲಿ ಅದು ಹೃದಯದ ಸ್ನಾಯುವಿಗೆ ಸೇರುವ ಎಫ್‌ಡಿಜಿಯನ್ನು ಹೆಚ್ಚಿಸುವುದರಿಂದ ಹೃದಯ ಬೆಳಗಿದ ಚಿತ್ರ ಕಂಡಾಗ ಅದನ್ನು ನೆನೆಯಬೇಕು.

ಪ್ರೊಪೊಫಾಲ್ ಮತ್ತು ಪೆಂಟೊಬಾರ್ಬಿಟಾಲ್ ಕೂಡ ಬಳಕೆಯನ್ನು ಒಟ್ಟಾರೆ ಇಳಿಸುವ ಔಷಧಗಳೇ. ಯೂರಿಥೇನ್ ಮತ್ತು ಆಲ್ಫಾ-ಕ್ಲೋರಲೋಸ್‌ಗಳನ್ನು ಪ್ರಾಣಿಯನ್ನು ಮತ್ತೆ ಎಬ್ಬಿಸದ ಪ್ರಯೋಗಗಳಿಗೆ ಮಾತ್ರ ಬಳಸುವುದು ವಾಡಿಕೆಯಾದುದರಿಂದ, ಒಂದೇ ಪ್ರಾಣಿಯನ್ನು ತಿಂಗಳುಗಟ್ಟಲೆ ಮತ್ತೆ ಮತ್ತೆ ನೋಡಬೇಕಾದ ಅಧ್ಯಯನಕ್ಕೆ ಅವು ಸಲ್ಲುವುದಿಲ್ಲ.

ಯಾವ ಔಷಧವೇ ಆಗಲಿ, ಆಳವನ್ನು ಎಲ್ಲ ಪ್ರಾಣಿಗಳಲ್ಲೂ ಒಂದೇ ಮಟ್ಟದಲ್ಲಿ ಇಡಬೇಕು. ಯಂತ್ರದಲ್ಲಿ ಐಸೊಫ್ಲುರೇನ್ ಶೇ 1.5 ಎಂದು ಇಟ್ಟ ಮಾತ್ರಕ್ಕೆ ಎಲ್ಲ ಪ್ರಾಣಿಗಳೂ ಒಂದೇ ಆಳದಲ್ಲಿರುವುದಿಲ್ಲ. ಮುದಿ ಪ್ರಾಣಿಗೆ, ರೋಗದ ಮಾದರಿಗೆ, ಕೃಶವಾದ ಪ್ರಾಣಿಗೆ ಅದೇ ಪ್ರಮಾಣ ಹೆಚ್ಚಾಗಬಹುದು. ಉಸಿರಾಟದ ದರವನ್ನು ಐದು ನಿಮಿಷಕ್ಕೊಮ್ಮೆ ಬರೆದಿಡಿ. ಉಸಿರು ತೀರ ನಿಧಾನವಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿಕೊಂಡು ಮಿದುಳಿನ ರಕ್ತನಾಳಗಳು ಇನ್ನಷ್ಟು ಹಿಗ್ಗುತ್ತವೆ.

ಉಪವಾಸ, ಶಾಖ, ರಕ್ತದ ಒಂದು ಹನಿ

ಔಷಧದಿಂದ ಗ್ಲೂಕೋಸ್ ಏರುವುದನ್ನು ತಗ್ಗಿಸಲು ಉಪವಾಸ ನೆರವಾಗುತ್ತದೆ. ಆಹಾರವಿಲ್ಲದೆ ಕಳೆದ ಪ್ರಾಣಿಯಲ್ಲಿ ಕೆಟಮಿನ್-ಕ್ಸೈಲಜಿನ್ ಮಿಶ್ರಣದ ಏರಿಕೆ ಬಹಳ ಕಡಿಮೆ. ಆದರೆ ಚಿಟ್ಟಿಲಿಗೆ ಇಡೀ ರಾತ್ರಿಯ ಉಪವಾಸವೆಂದರೆ, ಅದು ಉಣ್ಣುವ ಹೊತ್ತೇ ರಾತ್ರಿಯಾದುದರಿಂದ, ಮನುಷ್ಯನ ಒಂದು ರಾತ್ರಿಯ ಉಪವಾಸಕ್ಕೆ ಸಮವಲ್ಲ. ತೂಕ ಗಮನಾರ್ಹವಾಗಿ ಇಳಿಯುತ್ತದೆ, ಮೈ ತಣ್ಣಗಾಗುತ್ತದೆ, ಕೆಲವೊಮ್ಮೆ ಪ್ರಾಣಿ ಜಡನಿದ್ರೆಯಂಥ ಸ್ಥಿತಿಗೆ ಜಾರುತ್ತದೆ. ಹಗಲಿನಲ್ಲಿ 4ರಿಂದ 6 ಗಂಟೆಯ ಉಪವಾಸ ಸಾಕು, ನೀರನ್ನು ಎಂದೂ ತೆಗೆಯಬಾರದು. ಪ್ರಾಣಿಯ ಬಗ್ಗೆ ತೋರುವ ಈ ಕಾಳಜಿಯೂ ಅಳತೆಯ ನಿಖರತೆಯೂ ಇಲ್ಲಿ ಒಂದೇ ದಾರಿಯಲ್ಲಿ ಸಾಗುತ್ತವೆ, ಹಸಿವಿನಿಂದ ಕಂಗೆಟ್ಟ ಪ್ರಾಣಿಯ ಮಿದುಳು ಕೊಬ್ಬು ಕರಗಿ ಹುಟ್ಟುವ ಕೀಟೋನ್‌ಗಳನ್ನೂ ಇಂಧನವಾಗಿ ಬಳಸತೊಡಗಿ ಗ್ಲೂಕೋಸಿನ ಲೆಕ್ಕವನ್ನು ಏರುಪೇರಾಗಿಸುತ್ತದೆ.

ಶಾಖದ ವಿಷಯ ಮಡಿಕೇರಿಯವರಿಗೆ ಬೇಗ ಅರ್ಥವಾಗಬೇಕು. ಆಷಾಢದ ಮಳೆಯಲ್ಲಿ ಮನೆಯೊಳಗೇ 18, 19 ಡಿಗ್ರಿಗೆ ಇಳಿಯುವ ಊರಿದು. ಮನುಷ್ಯರು ಕಂಬಳಿ ಹೊದೆದು ಕಳೆಯುವ ಆ ಶಾಖವಿರಲಿ, ಪ್ರಯೋಗಾಲಯದ 22 ಡಿಗ್ರಿಯೂ ಚಿಟ್ಟಿಲಿಗೆ ಚಳಿಯೇ. ಅದು ಹೆಚ್ಚುವರಿ ಶ್ರಮವಿಲ್ಲದೆ ಮೈಬಿಸಿ ಕಾಯ್ದುಕೊಳ್ಳುವುದು ಸುಮಾರು 30 ಡಿಗ್ರಿಯಲ್ಲಿ. ಚಳಿಯಾದಾಗ ಹೆಗಲ ನಡುವಿನ ಕಂದು ಕೊಬ್ಬು ಉರಿದು ಎಫ್‌ಡಿಜಿಯನ್ನು ಹೇರಳವಾಗಿ ಸೆಳೆದುಕೊಳ್ಳುತ್ತದೆ, ಮಿದುಳಿಗೆ ಉಳಿಯುವ ಪಾಲು ಕಡಿಮೆಯಾಗುತ್ತದೆ. ಅರಿವಳಿಕೆ ಹತ್ತಿದ ಮೇಲೆ ಪ್ರಾಣಿ ತನ್ನ ಮೈಬಿಸಿಯನ್ನು ಕಾಯ್ದುಕೊಳ್ಳಲಾರದು, ಮತ್ತು ಮಿದುಳಿನ ಶಾಖ ಒಂದು ಡಿಗ್ರಿ ಇಳಿದರೆ ಅದರ ಚಯಾಪಚಯ ಸುಮಾರು ಶೇ 6ರಿಂದ 7ರಷ್ಟು ಇಳಿಯುತ್ತದೆ. ಮೂರು ಡಿಗ್ರಿ ತಣ್ಣಗಾದ ಪ್ರಾಣಿಯಲ್ಲಿ ಔಷಧದ ಪರಿಣಾಮವೆಂದು ಬರೆದ ಇಳಿತದಲ್ಲಿ ಶೇ 20ರಷ್ಟು ಬರಿಯ ಚಳಿಯದೇ ಆಗಿರಬಹುದು. ಎಫ್‌ಡಿಜಿ ಕೊಡುವ ಅರ್ಧ ಗಂಟೆ ಮೊದಲೇ ಗೂಡನ್ನು ಬೆಚ್ಚಗಿಡಿ, ಗುದದ್ವಾರದ ತಾಪಮಾಪಕದಿಂದ 37 ಡಿಗ್ರಿಯನ್ನು ಕಾಯ್ದುಕೊಳ್ಳಿ, ಸ್ಕ್ಯಾನರಿನ ಹಾಸಿಗೆಯೂ ಬಿಸಿಯಾಗಿರಲಿ.

ಎಫ್‌ಡಿಜಿ ಕೊಡುವ ಮುನ್ನ ಒಮ್ಮೆ, ಚಿತ್ರ ತೆಗೆದ ಮೇಲೆ ಒಮ್ಮೆ ಬಾಲದ ತುದಿಯಿಂದ ಒಂದು ಹನಿ ರಕ್ತ ತೆಗೆದು ಗ್ಲೂಕೋಸ್ ಅಳೆಯಿರಿ. ಮಧುಮೇಹಿಗಳು ಮನೆಯಲ್ಲಿ ಬಳಸುವಂಥ ಪುಟ್ಟ ಯಂತ್ರದ ಕೆಲಸವಿದು, ಖರ್ಚು ನಗಣ್ಯ. ಇದನ್ನು ಬಿಟ್ಟ ಪ್ರಯೋಗದಿಂದ ಬಂದ ಚಿತ್ರ ಎಷ್ಟೇ ಸೊಗಸಾಗಿದ್ದರೂ ಅದರ ಅರ್ಥ ಅರ್ಧಕ್ಕೇ ನಿಲ್ಲುತ್ತದೆ.

ಅಂಕಿಗಳನ್ನು ಹೇಗೆ ಓದಬೇಕು

ಹೆಚ್ಚಿನ ಪ್ರಬಂಧಗಳು ಎಸ್‌ಯುವಿ ಎಂಬ ಅಂಕಿಯನ್ನು ಕೊಡುತ್ತವೆ. ಅಂಗಾಂಶದಲ್ಲಿರುವ ವಿಕಿರಣವನ್ನು, ಕೊಟ್ಟ ಒಟ್ಟು ವಿಕಿರಣ ಮತ್ತು ದೇಹದ ತೂಕಗಳಿಗೆ ಹೋಲಿಸಿ ಪಡೆದ ಅನುಪಾತವದು. ರಕ್ತದ ಗ್ಲೂಕೋಸ್ ಅದರಲ್ಲಿ ಎಲ್ಲೂ ಬರುವುದಿಲ್ಲ. ವಿವರಣೆಗಾಗಿ ಕಲ್ಪಿಸಿಕೊಂಡ ಅಂಕಿಗಳನ್ನು ತೆಗೆದುಕೊಳ್ಳೋಣ. ಎಚ್ಚರದ ಗುಂಪಿನ ಎಸ್‌ಯುವಿ 2.0, ರಕ್ತದ ಗ್ಲೂಕೋಸ್ ಡೆಸಿಲೀಟರಿಗೆ 100 ಮಿಲಿಗ್ರಾಂ. ಕೆಟಮಿನ್-ಕ್ಸೈಲಜಿನ್ ಗುಂಪಿನ ಎಸ್‌ಯುವಿ 1.0, ಗ್ಲೂಕೋಸ್ 200. ಐಸೊಫ್ಲುರೇನ್ ಗುಂಪಿನ ಎಸ್‌ಯುವಿ 1.2, ಗ್ಲೂಕೋಸ್ 120. ಬರಿಯ ಎಸ್‌ಯುವಿ ನೋಡಿದರೆ ಕೆಟಮಿನ್-ಕ್ಸೈಲಜಿನ್ ಮಿದುಳನ್ನು ಹೆಚ್ಚು ತಗ್ಗಿಸಿದಂತೆ ಕಾಣುತ್ತದೆ. ಪ್ರತಿ ಎಸ್‌ಯುವಿಯನ್ನು ಆಯಾ ಗ್ಲೂಕೋಸಿನಿಂದ ಗುಣಿಸಿ 100ರಿಂದ ಭಾಗಿಸಿದಾಗ ಕ್ರಮವಾಗಿ 2.0, 2.0, 1.44 ಸಿಗುತ್ತವೆ. ಈಗ ಕೆಟಮಿನ್-ಕ್ಸೈಲಜಿನ್ ಗುಂಪಿನ ಒಟ್ಟು ಬಳಕೆ ಇಳಿದೇ ಇಲ್ಲ, ಐಸೊಫ್ಲುರೇನ್ ಗುಂಪಿನಲ್ಲಿ ಶೇ 28ರಷ್ಟು ಇಳಿದಿದೆ. ಈ ತಿದ್ದುಪಡಿ ಅಂದಾಜಿನದು. ಗ್ಲೂಕೋಸ್ ತೀರ ಹೆಚ್ಚು ಅಥವಾ ತೀರ ಕಡಿಮೆಯಿರುವಾಗ, ಎಫ್‌ಡಿಜಿಯ ವರ್ತನೆಯನ್ನು ಗ್ಲೂಕೋಸಿನ ವರ್ತನೆಗೆ ಹೊಂದಿಸಲು ಸೊಕೊಲಾಫ್ ಬಳಸಿದ ಸ್ಥಿರಾಂಕವೂ ಬದಲಾಗುತ್ತದೆ. ಆದರೂ ತಿದ್ದುಪಡಿಯಿಲ್ಲದ ಅಂಕಿಗಿಂತ ಇದು ಸತ್ಯಕ್ಕೆ ಹತ್ತಿರ.

ಇನ್ನೊಂದು ರೂಢಿಯ ಬಗ್ಗೆ ನನಗೆ ಹೆಚ್ಚು ಕಳವಳವಿದೆ. ಪ್ರತಿ ಭಾಗದ ಅಂಕಿಯನ್ನು ಇಡೀ ಮಿದುಳಿನ ಸರಾಸರಿಯಿಂದ, ಇಲ್ಲವೇ ಕಿರುಮಿದುಳಿನ ಅಂಕಿಯಿಂದ ಭಾಗಿಸಿ ಹೋಲಿಸುವುದು ಸರ್ವೇಸಾಮಾನ್ಯ. ಗ್ಲೂಕೋಸಿನ ಏರುಪೇರನ್ನು ಇದು ಬಹುಮಟ್ಟಿಗೆ ಕಳೆಯುತ್ತದೆ ಎಂಬುದು ನಿಜ. ಆದರೆ ಅರಿವಳಿಕೆಯಿಂದ ಇಡೀ ಮಿದುಳು ಶೇ 40ರಷ್ಟು ಇಳಿದು, ದೃಷ್ಟಿಗೆ ಸಂಬಂಧಿಸಿದ ಒಂದು ಭಾಗ ಶೇ 20 ಮಾತ್ರ ಇಳಿದಿದ್ದರೆ, ಆ ಭಾಗದ ಅನುಪಾತ 0.8 ಭಾಗಿಸು 0.6, ಅಂದರೆ ಸುಮಾರು 1.33 ಆಗುತ್ತದೆ. ನಿಜಕ್ಕೂ ಇಳಿದ ಭಾಗ ಶೇ 33ರಷ್ಟು ಏರಿದಂತೆ ಕೆಂಪಾಗಿ ಮುದ್ರಣವಾಗುತ್ತದೆ. ಕಿರುಮಿದುಳು ಅರಿವಳಿಕೆಯಿಂದ ಬಾಧಿತವಾಗುವುದಿಲ್ಲ ಎಂದು ಭಾವಿಸಲು ಆಧಾರವಿಲ್ಲ. ಆದ್ದರಿಂದ ಅನುಪಾತದ ಚಿತ್ರವನ್ನು ಕೊಡುವವರು ಭಾಗಿಸದ ಅಂಕಿಗಳನ್ನೂ ಪಕ್ಕದಲ್ಲೇ ಕೊಡಬೇಕು, ಓದುವವರು ಅವನ್ನು ಕೇಳಿ ಪಡೆಯಬೇಕು.

ಚಿಟ್ಟಿಲಿಯ ಮಿದುಳು ಅರ್ಧ ಗ್ರಾಂ ಕೂಡ ತೂಗುವುದಿಲ್ಲ, ಯಂತ್ರ ಬಿಡಿಯಾಗಿ ಗುರುತಿಸಬಲ್ಲ ಅತಿ ಚಿಕ್ಕ ಅಂತರವೇ ಒಂದರಿಂದ ಎರಡು ಮಿಲಿಮೀಟರ್. ಪಕ್ಕದ ಭಾಗದ ಬೆಳಕು ಇದಕ್ಕೆ, ಇದರದು ಅದಕ್ಕೆ ಸೋರುತ್ತದೆ. ಕಣ್ಣಿನ ಹಿಂದಿರುವ ಹಾರ್ಡೇರಿಯನ್ ಗ್ರಂಥಿ ಎಫ್‌ಡಿಜಿಯನ್ನು ಹೆಚ್ಚಾಗಿ ಸೆಳೆಯುವುದರಿಂದ ಮುಂಭಾಗದ ಮಿದುಳು ಇರುವುದಕ್ಕಿಂತ ಹೆಚ್ಚು ಬೆಳಗಿದಂತೆ ತೋರಬಹುದು. ಮುಂಭಾಗದ ಸಣ್ಣ ಬದಲಾವಣೆಯೊಂದನ್ನೇ ನಂಬಿ ಬರೆದ ತೀರ್ಮಾನವನ್ನು ಓದುವಾಗ ಇದನ್ನು ಮರೆಯಬಾರದು.

ಔಷಧವೊಂದರ ಪರಿಣಾಮವನ್ನು ಪರೀಕ್ಷಿಸುವಾಗ ಎರಡೂ ಗುಂಪುಗಳಿಗೆ ಒಂದೇ ಅರಿವಳಿಕೆ ಕೊಟ್ಟರೆ ದೋಷ ಎರಡೂ ಕಡೆ ಸಮವಾಗಿ ಕಳೆದುಹೋಗುತ್ತದೆ ಎಂಬ ವಾದ ಆಗಾಗ ಕೇಳಿಬರುತ್ತದೆ. ಔಷಧ ಮತ್ತು ಅರಿವಳಿಕೆ ಒಂದೇ ಗ್ರಾಹಕದ ಮೇಲೆ ಕೆಲಸ ಮಾಡುವಾಗ ಈ ವಾದ ನಿಲ್ಲುವುದಿಲ್ಲ. ಗಾಬಾ-ಎ ಮೇಲೆ ಪರಿಣಾಮ ಬೀರುವ ನಿದ್ರಾಜನಕವನ್ನು ಐಸೊಫ್ಲುರೇನಿನಲ್ಲಿ ಪರೀಕ್ಷಿಸಿದರೆ ಮಿದುಳಿನ ಬಳಕೆ ಆಗಲೇ ಇಳಿದಿರುವುದರಿಂದ ಔಷಧಕ್ಕೆ ಇನ್ನಷ್ಟು ಇಳಿಸಲು ಜಾಗವೇ ಇರುವುದಿಲ್ಲ, ಪರಿಣಾಮವಿಲ್ಲ ಎಂಬ ತಪ್ಪು ತೀರ್ಮಾನಕ್ಕೆ ಬರಬೇಕಾಗುತ್ತದೆ. ಕನಿಷ್ಠ ಒಂದು ಸಣ್ಣ ಗುಂಪನ್ನಾದರೂ ಎಚ್ಚರದಲ್ಲಿ ಎಫ್‌ಡಿಜಿ ಪಡೆಯುವಂತೆ ಸೇರಿಸಿ.

ವೈದ್ಯ ವಿದ್ಯಾರ್ಥಿಗಳಿಗೆ ಇದರ ಪ್ರಯೋಜನ ಇಲಿಗಳಲ್ಲೇ ಮುಗಿಯುವುದಿಲ್ಲ. ಮೂರ್ಛೆರೋಗದ ಮಗುವಿಗೆ ಪೆಟ್ ಪರೀಕ್ಷೆ ಮಾಡಿಸುವಾಗ ಮಗು ಅಲುಗಾಡದಿರಲೆಂದು ಮಂಪರಿನ ಔಷಧ ಕೊಡಬೇಕಾದರೆ, ಎಫ್‌ಡಿಜಿ ಕೊಟ್ಟು ಅರ್ಧ ಗಂಟೆಯಾದರೂ ಕಳೆದ ಮೇಲೆ ಕೊಡುವುದು ಇದೇ ಕಾರಣಕ್ಕೆ. ವಯಸ್ಕ ರೋಗಿಗಳ ಚಿತ್ರ ಸಾಮಾನ್ಯವಾಗಿ ಎಚ್ಚರದಲ್ಲಿ, ಮಂದ ಬೆಳಕಿನ ಮೌನ ಕೋಣೆಯಲ್ಲಿ ತೆಗೆದದ್ದು. ಅದನ್ನು ಅರಿವಳಿಕೆಯಲ್ಲಿದ್ದ ಚಿಟ್ಟಿಲಿಯ ಚಿತ್ರದೊಡನೆ ಅಕ್ಕಪಕ್ಕ ಇಟ್ಟು ರೋಗದ ಮಾದರಿ ಹೊಂದುತ್ತದೆ ಎನ್ನುವ ಪ್ರಬಂಧಗಳನ್ನು ಎಚ್ಚರದಿಂದ ಓದಿ.

ಪ್ರಯೋಗ ಮಾಡಹೊರಟವರು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ರಚಿತವಾದ ಸಮಿತಿಯ ನಿಯಮದಂತೆ ತಮ್ಮ ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಅನುಮತಿಯನ್ನೂ, ವಿಕಿರಣ ವಸ್ತುವಿಗೆ ಸಂಬಂಧಿಸಿದಂತೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿಯನ್ನೂ ಮೊದಲೇ ಪಡೆದಿರಬೇಕು. ವಿಧಾನದ ಭಾಗವನ್ನು ಬರೆಯುವಾಗ ಪ್ರಾಣಿ ಪ್ರಯೋಗದ ವರದಿಯಲ್ಲಿ ಏನೇನಿರಬೇಕೆಂದು ಹೇಳುವ, 2020ರಲ್ಲಿ ಪರಿಷ್ಕೃತವಾದ ಅರೈವ್ ಮಾರ್ಗಸೂಚಿಯನ್ನು ಮುಂದಿಟ್ಟುಕೊಂಡು, ಔಷಧದ ಹೆಸರು, ಪ್ರಮಾಣ, ಕೊಟ್ಟ ಗಂಟೆ, ಎಫ್‌ಡಿಜಿ ಕೊಟ್ಟ ಗಂಟೆ, ಉಪವಾಸದ ಅವಧಿ, ಮೈಬಿಸಿ, ಎರಡು ಬಾರಿಯ ಗ್ಲೂಕೋಸ್ ಇವಿಷ್ಟನ್ನೂ ಪ್ರತಿ ಪ್ರಾಣಿಗೂ ಬೇರೆಬೇರೆಯಾಗಿ ಕೊಡಿ.

ಈ ವಿವರಗಳಿಲ್ಲದ ಹಳೆಯ ದತ್ತಾಂಶವೊಂದು ನಿಮ್ಮ ಕೈಸೇರಿದ್ದರೆ, ಅದನ್ನು ತಳ್ಳಿಹಾಕುವ ಮುನ್ನ ಇಡೀ ದೇಹದ ಚಿತ್ರವನ್ನು ತೆರೆದು ನೋಡಿ. ಹೆಗಲ ನಡುವಿನ ಕಂದು ಕೊಬ್ಬು ಉರಿಯುವಂತೆ ಕಂಡರೆ ಪ್ರಾಣಿ ಚಳಿಯಲ್ಲಿತ್ತು. ಮೈಯ ಸ್ನಾಯುಗಳು ಬೆಳಗಿದ್ದರೆ ಎಫ್‌ಡಿಜಿ ಸೇರುವ ಹೊತ್ತಿನಲ್ಲಿ ಅದು ಎಚ್ಚರವಾಗಿ ಓಡಾಡುತ್ತಿದ್ದಿರಬಹುದು, ಅಥವಾ ಉಂಡ ಮೇಲಿನ ಇನ್ಸುಲಿನ್ ಕೆಲಸ ಮಾಡುತ್ತಿದ್ದಿರಬಹುದು. ಹೃದಯ ಪ್ರಖರವಾಗಿದ್ದು ಸ್ನಾಯುಗಳು ಮಂಕಾಗಿದ್ದರೆ ಐಸೊಫ್ಲುರೇನ್ ಮೊದಲಿನಿಂದಲೇ ಇದ್ದಿರುವ ಸಾಧ್ಯತೆಯಿದೆ. ಮಿದುಳೂ ಹೃದಯವೂ ಸ್ನಾಯುವೂ ಒಟ್ಟಿಗೆ ಮಂಕಾಗಿ, ರಕ್ತದಲ್ಲಿ ಎಫ್‌ಡಿಜಿ ಇನ್ನೂ ಉಳಿದಿದ್ದು, ಮೂತ್ರಕೋಶ ತುಂಬಿ ಬೆಳಗುತ್ತಿದ್ದರೆ ಗ್ಲೂಕೋಸ್ ಏರಿಸುವ ಔಷಧ ಕೊಟ್ಟಿದ್ದರೇ ಎಂದು ಆ ದತ್ತಾಂಶ ಕಳುಹಿಸಿದವರನ್ನು ಬರೆದು ಕೇಳಿ.